ಕೆಟ್ಟಿರುವುದು ರೇಡಿಯೊವೊ, ನೆರೆಹೊರೆಯೊ?

ಬೆಂಗಳೂರಿನ ಕುಂದಲಹಳ್ಳಿ ಗೇಟಿನಿಂದ ಐಟಿಪಿಎಲ್ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ಅಪಾರ್ಟ್‌ಮೆಂಟುಗಳು. ಬ್ರೂಕ್‌ಫೀಲ್ಡಿನ ಈ ತಾರಸಿಗಳ ಮೇಲೆ ನೀರಿನ ಟ್ಯಾಂಕು, ಸೋಲಾರ್ ಹೀಟರು, ಡಿಷ್‌ಗಳ ನಡುವೆ ಅಪರೂಪಕ್ಕೊಮ್ಮೆ ಬೇರೆಯದೇ ಒಂದು ವಸ್ತು ಕಣ್ಣಿಗೆ ಬೀಳುತ್ತದೆ. ತೆಳುವಾದ ಒಂದು ಕಡ್ಡಿ, ಅದರ ಬುಡದಲ್ಲಿ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯಿಂದ ಕೆಳಗಿಳಿಯುವ ಒಂದು ಲ್ಯಾನ್ ಕೇಬಲ್. ಅದು ಜಾಲಕ್ಕೆ ಜೋಡಿಸಿದ ಸಾಫ್ಟ್‌ವೇರ್ ರೇಡಿಯೊ. ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವರು ತಾರಸಿಯ ಮೇಲಿನ ಅಂಟೆನಾ ಹಿಡಿದದ್ದನ್ನು ಕೇಳುತ್ತಾರೆ. ಕೇಳುತ್ತಾರೆ ಎನ್ನುವುದಕ್ಕಿಂತ ಕೇಳಲು ಹೆಣಗುತ್ತಾರೆ ಎನ್ನುವುದು ಸರಿ. ಇಂಥ ರೇಡಿಯೊ ಕಟ್ಟುವುದು ಒಂದು ರಜೆಯ ಕೆಲಸ. ಅದೇಕೆ ಹಾಡುತ್ತಿಲ್ಲ ಎಂದು ಪತ್ತೆ ಹಚ್ಚುವುದಕ್ಕೆ ಕೆಲವೊಮ್ಮೆ ಒಂದು ಮಳೆಗಾಲವೇ ಬೇಕು.

ಹಳೆಯ ರೇಡಿಯೊದಲ್ಲಿ ಕಾಯಿಲ್, ಕಂಡೆನ್ಸರ್‌ಗಳೇ ಸ್ಟೇಷನ್ನನ್ನು ಆರಿಸಿ ಕೊಡುತ್ತಿದ್ದವು. ಸಾಫ್ಟ್‌ವೇರ್ ರೇಡಿಯೊದಲ್ಲಿ ಯಂತ್ರ ಮಾಡುವುದು ಇಷ್ಟೇ: ಅಂಟೆನಾದಿಂದ ಬಂದ ಅಲೆಗಳ ಒಂದು ತುಂಡನ್ನು ಸಂಖ್ಯೆಗಳನ್ನಾಗಿಸುವುದು. ಆ ಸಂಖ್ಯೆಗಳ ರಾಶಿಯಿಂದ ಧ್ವನಿ ಹೆಕ್ಕುವ ಕೆಲಸವೆಲ್ಲ ಕಂಪ್ಯೂಟರಿನದು. ಜನ ಹೆಚ್ಚಾಗಿ ಬಳಸುವ, ಯುಎಸ್‌ಬಿಗೆ ಚುಚ್ಚುವ ಅಗ್ಗದ ಡಾಂಗಲ್‌ನೊಳಗೆ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್2832ಯು ಎಂಬ ಚಿಪ್ ಇರುತ್ತದೆ. ಅದು ಹುಟ್ಟಿದ್ದು ಯುರೋಪಿನ ಟಿವಿ ಪ್ರಸಾರ ನೋಡಲಿಕ್ಕೆ. ಅದರಿಂದ ಕಚ್ಚಾ ಸಂಖ್ಯೆಗಳನ್ನೂ ಹೊರತೆಗೆಯಬಹುದು ಎಂದು 2012ರಲ್ಲಿ ಹವ್ಯಾಸಿಗಳು ಕಂಡುಕೊಂಡ ಮೇಲೆ ಅದರ ಹಣೆಬರಹವೇ ಬದಲಾಯಿತು. (ನಮ್ಮ ದೂರದರ್ಶನ ಅನುಸರಿಸುವುದು ಆ ಯುರೋಪಿನ ಪ್ರಸಾರದ ಮುಂದಿನ ಪೀಳಿಗೆಯ ತಂತ್ರವನ್ನು. ಹಾಗಾಗಿ ಈ ಟಿವಿ ಡಾಂಗಲ್ ಇಲ್ಲಿ ಟಿವಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡುತ್ತದೆ.) ಸುಮಾರು 24ರಿಂದ 1,766 ಮೆಗಾಹರ್ಟ್ಸ್‌ವರೆಗೆ ಅದರ ಕಿವಿ ತೆರೆದಿರುತ್ತದೆ. ಎಫ್‌ಎಂ ಬಾನುಲಿ, ವಿಮಾನಗಳು ತಮ್ಮ ಸ್ಥಾನ ಸಾರುವ 1,090 ಮೆಗಾಹರ್ಟ್ಸ್, ಹವಾಮಾನ ಉಪಗ್ರಹಗಳ 137 ಮೆಗಾಹರ್ಟ್ಸ್ ಎಲ್ಲವೂ ಈ ಮಿತಿಯೊಳಗೇ ಬರುತ್ತವೆ.

ಡಾಂಗಲನ್ನು ಲ್ಯಾಪ್‌ಟಾಪ್‌ಗೇ ಚುಚ್ಚಬಹುದಲ್ಲ, ನಡುವೆ ಜಾಲವೇಕೆ? ಕಾರಣ ಕೇಬಲ್. ಸಾಧಾರಣ ತೆಳು ಕೋಆಕ್ಸ್ ಕೇಬಲಿನಲ್ಲಿ 20 ಮೀಟರ್ ಇಳಿದು ಬರುವಷ್ಟರಲ್ಲಿ 1,090 ಮೆಗಾಹರ್ಟ್ಸ್ ಸಿಗ್ನಲ್‌ನ ಹತ್ತರಲ್ಲೊಂದು ಪಾಲೂ ಉಳಿಯುವುದಿಲ್ಲ. ಅದೇ ಸಿಗ್ನಲನ್ನು ಅಂಟೆನಾ ಬುಡದಲ್ಲೇ ಸಂಖ್ಯೆಯಾಗಿಸಿ ಲ್ಯಾನ್ ಕೇಬಲಿನಲ್ಲಿ ಕಳಿಸಿದರೆ ಒಂದು ಚೂರೂ ಸೋರುವುದಿಲ್ಲ. ಅದಕ್ಕೇ ಡಾಂಗಲ್ ಜತೆಗೆ ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಕಂಪ್ಯೂಟರ್ ತಾರಸಿ ಸೇರುತ್ತದೆ.

ಲಾಭದ ಹಿಂದೆಯೇ ತೊಡಕೂ ಬರುತ್ತದೆ. ಅಂಟೆನಾ, ಡಾಂಗಲ್, ಯುಎಸ್‌ಬಿ, ಪೈ, ಲ್ಯಾನ್, ರೂಟರ್, ಲ್ಯಾಪ್‌ಟಾಪ್ ತಂತ್ರಾಂಶ: ಸರಪಳಿ ಉದ್ದವಾಯಿತು. ಎಲ್ಲಿ ತುಂಡಾದರೂ ಲ್ಯಾಪ್‌ಟಾಪಿನ ಮುಂದೆ ಕೂತವರಿಗೆ ಕಾಣುವುದು ಒಂದೇ, ‘ರೇಡಿಯೊ ಬರ್ತಿಲ್ಲ’. ಆಗ ಹೆಚ್ಚಿನವರು ಎಲ್ಲ ತಂತ್ರಾಂಶ ಅಳಿಸಿ ಮತ್ತೆ ಹಾಕುತ್ತಾರೆ, ಇಲ್ಲವೇ ಇನ್ನೂ ದೊಡ್ಡ ಅಂಟೆನಾ ತರಿಸುತ್ತಾರೆ. ಎರಡೂ ಕುರುಡು ಕೆಲಸ.

ಸರಪಳಿಯನ್ನು ನಡುವೆ ಕತ್ತರಿಸಿ ನೋಡಬೇಕು. ನಡು ಎಂದರೆ ತಾರಸಿಯ ಪೈ. ಅಲ್ಲಿಂದ ಮೇಲಿನದು ಆಕಾಶದ ಭಾಗ, ಕೆಳಗಿನದು ತಂತಿಯ ಭಾಗ. ಲ್ಯಾಪ್‌ಟಾಪನ್ನೇ ತಾರಸಿಗೆ ಒಯ್ದು, ಡಾಂಗಲನ್ನು ಪೈನಿಂದ ಕಿತ್ತು ನೇರವಾಗಿ ಅದಕ್ಕೇ ಚುಚ್ಚಿ, ಎಲ್ಲರಿಗೂ ಗೊತ್ತಿರುವ ಒಂದು ಗಟ್ಟಿ ಸ್ಟೇಷನ್ ಹುಡುಕಿ. ಬೆಂಗಳೂರಿನಲ್ಲಿ ಅದಕ್ಕೆ ಬರವಿಲ್ಲ. ಆಕಾಶವಾಣಿಯ ಎಫ್‌ಎಂ ರೇನ್‌ಬೋ 101.3ರಲ್ಲಿದೆ, ವಿವಿಧ ಭಾರತಿ 102.9ರಲ್ಲಿದೆ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾಗಿ ಶುರುವಾದ ರೇಡಿಯೊ ಸಿಟಿ 91.1ರಲ್ಲಿದೆ. ಇವು ನಿಚ್ಚಳವಾಗಿ ಕೇಳಿದರೆ ಅಂಟೆನಾದಿಂದ ಯುಎಸ್‌ಬಿವರೆಗೆ ಎಲ್ಲವೂ ಜೀವಂತ. ಅಂಟೆನಾ ಬದಲಿಸುವ ಮಾತೇ ಬೇಡ. ಕೇಳದಿದ್ದರೆ ರೂಟರನ್ನು ಬೈಯುವುದು ವ್ಯರ್ಥ. ಇಷ್ಟು ಮಾಡಿದರೆ ಅನುಮಾನ ಅರ್ಧಕ್ಕಿಳಿಯುತ್ತದೆ.

ಮುಂದಿನದು ರೋಗಲಕ್ಷಣ. ಸಂಪರ್ಕವೇ ಸಿಗದಿರುವುದು ಬೇರೆ, ಧ್ವನಿ ತುಂಡುತುಂಡಾಗುವುದು ಬೇರೆ, ಧ್ವನಿ ಸರಾಗವಾಗಿ ಹರಿದರೂ ಬರೀ ಗದ್ದಲವೇ ಕೇಳುವುದು ಬೇರೆ.

ಸಂಪರ್ಕವೇ ಸಿಗದಿದ್ದರೆ ಕಾರಣ ಬಹುಮಟ್ಟಿಗೆ ಸಣ್ಣದು. ಡಾಂಗಲ್‌ನ ಸಂಖ್ಯೆಗಳನ್ನು ಜಾಲಕ್ಕೆ ಬಡಿಸುವ ಆರ್‌ಟಿಎಲ್-ಟಿಸಿಪಿ ಎಂಬ ಪುಟ್ಟ ತಂತ್ರಾಂಶ, ಬಿಡಿಸಿ ಹೇಳದಿದ್ದರೆ 127.0.0.1 ಎಂಬ ವಿಳಾಸದಲ್ಲಿ ಮಾತ್ರ ಕಿವಿಗೊಡುತ್ತದೆ. ಅಂದರೆ ತನ್ನೊಂದಿಗೆ ತಾನೇ ಮಾತಾಡುತ್ತದೆ, ಹೊರಗಿನವರಿಗೆ ಬಾಗಿಲಿಲ್ಲ. 0.0.0.0 ಎಂದು ಕೊಟ್ಟರೆ ಬಾಗಿಲು ತೆರೆಯುತ್ತದೆ. ಒಂದು ಹೊತ್ತಿಗೆ ಅದು ಒಬ್ಬರಿಗಷ್ಟೇ ಬಡಿಸುತ್ತದೆ ಎಂಬುದೂ ನೆನಪಿರಲಿ. ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ಮರೆತು ಬಿಟ್ಟ ಕಿಟಕಿಯೇ ಕಳ್ಳನಾಗಿರಬಹುದು. ಲಿನಕ್ಸ್ ತಂತ್ರಾಂಶ ಡಾಂಗಲನ್ನು ಕಂಡೊಡನೆ ‘ಇದು ಟಿವಿ’ ಎಂದು ತನ್ನ ಹಳೆಯ ಟಿವಿ ಡ್ರೈವರಿಗೆ ಒಪ್ಪಿಸಿಬಿಡುವುದೂ ಉಂಟು. ಆ ಡ್ರೈವರನ್ನು ಕಪ್ಪುಪಟ್ಟಿಗೆ ಸೇರಿಸಬೇಕು. ನಿನ್ನೆಯವರೆಗೆ ಚೆನ್ನಾಗಿದ್ದದ್ದು ಬೆಸ್ಕಾಂ ಕರೆಂಟು ಹೋಗಿ ಬಂದ ಮೇಲೆ ನಿಂತಿತೆಂದರೆ, ರೂಟರು ಎದ್ದೊಡನೆ ಪೈಗೆ ಹೊಸ ವಿಳಾಸ ಹಂಚಿರಬಹುದು. ರೂಟರಿನ ಸೆಟ್ಟಿಂಗಿನಲ್ಲಿ ಆ ವಿಳಾಸವನ್ನು ಕಾಯಂ ಮಾಡಿಸಿದರೆ ಅಲ್ಲಿಗೆ ಮುಗಿಯಿತು. ಅತಿಥಿಗಳಿಗೆಂದು ಇಟ್ಟ ವೈಫೈಗೆ ಪೈಯನ್ನು ಸೇರಿಸಿದ್ದರೆ, ಆ ಜಾಲದ ಸಾಧನಗಳು ಒಂದನ್ನೊಂದು ನೋಡದಂತೆ ರೂಟರೇ ಗೋಡೆ ಕಟ್ಟಿರುತ್ತದೆ.

ಮನೆಯಲ್ಲಿ ಕೇಳುವುದು ಊರಿಗೆ ಹೋದಾಗ ಕೇಳುವುದಿಲ್ಲ ಎಂಬ ದೂರು ಬೇರೆ ಜಾತಿಯದು. ಇಂಟರ್‌ನೆಟ್ ಕಂಪನಿಗಳಿಗೆ ಹಳೆಯ ಬಗೆಯ ವಿಳಾಸಗಳು ಸಾಲುತ್ತಿಲ್ಲ. ಹಾಗಾಗಿ ಹಲವು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ನೂರಾರು ಫ್ಲ್ಯಾಟುಗಳ ಸಮುಚ್ಚಯಕ್ಕೆ ಒಂದೇ ಗೇಟು ಇದ್ದು, ಫ್ಲ್ಯಾಟ್ ನಂಬರ್ ಇಲ್ಲದೆ ಬಂದ ಕೊರಿಯರ್‌ನವನನ್ನು ಸೆಕ್ಯುರಿಟಿ ಹೊರಗಿನಿಂದಲೇ ವಾಪಸ್ ಕಳಿಸಿದ ಹಾಗೆ, ಹೊರಗಿನಿಂದ ಬಂದ ಕರೆ ನಿಮ್ಮ ರೂಟರ್ ತನಕ ಬರುವುದೇ ಇಲ್ಲ. ಹೊರಗಿನ ಕರೆಯನ್ನು ಪೈಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ನಿಯಮವನ್ನು ರೂಟರಿನಲ್ಲಿ ಎಷ್ಟು ಸಲ ಬರೆದರೂ ಪ್ರಯೋಜನವಿಲ್ಲ. ರೂಟರಿನ ಹೊರಮುಖದ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಇದೇ ಕಥೆ. ಹೊಸ ಬಗೆಯ ವಿಳಾಸವಾದ ಐಪಿವಿ6 ಇದ್ದರೆ ಅದು ಒಂದು ದಾರಿ, ವಿಪಿಎನ್ ಇನ್ನೊಂದು. ನನ್ನ ಒಲವು ವಿಪಿಎನ್ ಕಡೆಗೆ, ಏಕೆಂದರೆ ಆರ್‌ಟಿಎಲ್-ಟಿಸಿಪಿಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಬಯಲಿಗಿಟ್ಟರೆ ಲೋಕದ ಯಾರು ಬೇಕಾದರೂ ಬಂದು ಕಿವಿ ತಿರುಚಬಹುದು.

ಧ್ವನಿ ತುಂಡಾಗುತ್ತಿದೆಯೆಂದರೆ ಮಾಡಬೇಕಾದದ್ದು ಲೆಕ್ಕ. ಡಾಂಗಲ್ ನೆಮ್ಮದಿಯಿಂದ ಕೊಡುವ ಗರಿಷ್ಠ ವೇಗ ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್, ಅಂದರೆ ಅಲೆಯ ಅಳತೆಗಳು. ಪ್ರತಿ ಸ್ಯಾಂಪಲ್ಲಿಗೆ ಎರಡು ಬೈಟ್. ಅಲ್ಲಿಗೆ ಸೆಕೆಂಡಿಗೆ 48 ಲಕ್ಷ ಬೈಟ್, ಅಂದರೆ 38.4 ಮೆಗಾಬಿಟ್, ಒಂದು ಗಂಟೆ ಕೇಳಿದರೆ 17 ಗಿಗಾಬೈಟ್ ದಾಟುತ್ತದೆ. ಕಿವಿಗೆ ಬೇಕಾದ ಧ್ವನಿ ಇದರ ನೂರರಲ್ಲೊಂದು ಪಾಲೂ ಅಲ್ಲ. ನಾವು ಕಳಿಸುತ್ತಿರುವುದು ಧ್ವನಿಯನ್ನಲ್ಲ, ಆಕಾಶದ ಒಂದು ಇಡೀ ತುಂಡನ್ನು.

‘ನಮ್ಮದು ನೂರು ಎಂಬಿಪಿಎಸ್ ಕನೆಕ್ಷನ್’ ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ. ಅದು ಮನೆಯಿಂದ ಆಚೆಗಿನ ವೇಗ. ತಾರಸಿಯಿಂದ ಎರಡನೇ ಮಹಡಿಗೆ ವೈಫೈನಲ್ಲಿ ಬರುವ ದಾರಿ ಬೇರೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಬ್ರೂಕ್‌ಫೀಲ್ಡಿನ ಒಂದು ಕಟ್ಟಡದಲ್ಲಿ ನಿಂತು ಫೋನಿನಲ್ಲಿ ವೈಫೈ ಪಟ್ಟಿ ತೆರೆದರೆ ಎಷ್ಟು ಹೆಸರು ಬರುತ್ತವೆ ಎಂಬುದು ಅಲ್ಲಿ ವಾಸಿಸುವವರಿಗೆ ಗೊತ್ತು. ಅಷ್ಟೂ ಮನೆಗಳ ಆಫೀಸ್ ಮೀಟಿಂಗ್, ಕ್ರಿಕೆಟ್, ಕಾರ್ಟೂನುಗಳು ಅದೇ ಮೂರು ದಾರಿಯಲ್ಲಿ ನೂಕಾಡುತ್ತಿರುತ್ತವೆ. ವೆಬ್‌ಪುಟ ಅರ್ಧ ಸೆಕೆಂಡು ತಡವಾದರೆ ನಮಗೆ ಗೊತ್ತೇ ಆಗುವುದಿಲ್ಲ. ರೇಡಿಯೊ ಸಂಖ್ಯೆಗಳ ಹರಿವು ಅರ್ಧ ಸೆಕೆಂಡು ನಿಂತರೆ ಮಾತು ಕತ್ತರಿಸುತ್ತದೆ. ಸಂಜೆ ಎಂಟರಿಂದ ಹತ್ತರವರೆಗೆ ಮಾತ್ರ ತುಂಡಾಗಿ ಮುಂಜಾನೆ ಸರಿಯಾಗುತ್ತಿದ್ದರೆ ಡಾಂಗಲ್ ನಿರಪರಾಧಿ.

ಪರಿಹಾರಕ್ಕೆ ಲ್ಯಾನ್ ಕೇಬಲ್ಲೇ ಮೊದಲ ಹೆಸರು. ಎಳೆಯಲಾಗದಿದ್ದರೆ ಸ್ಯಾಂಪಲ್ ವೇಗ ಇಳಿಸಿ. ಸೆಕೆಂಡಿಗೆ ಎರಡೂವರೆ ಲಕ್ಷಕ್ಕಿಳಿಸಿದರೆ ಬೇಕಾಗುವುದು ಬರೀ 4 ಮೆಗಾಬಿಟ್. ಒಂದು ಎಫ್‌ಎಂ ಕೇಂದ್ರಕ್ಕೆ ಅಷ್ಟು ಅಗಲ ಸಾಕು. ಇದಕ್ಕಿಂತ ಜಾಣತನದ ದಾರಿ ಇನ್ನೊಂದಿದೆ. ಓಪನ್‌ವೆಬ್‌ಆರ್‌ಎಕ್ಸ್‌ನಂಥ ತಂತ್ರಾಂಶ ಹಾಕಿದರೆ ಸಂಖ್ಯೆಗಳಿಂದ ಧ್ವನಿ ತೆಗೆಯುವ ಕೆಲಸ ತಾರಸಿಯಲ್ಲೇ ಮುಗಿದು, ಕೆಳಗೆ ಬರುವುದು ಧ್ವನಿ ಮತ್ತು ಚಿತ್ರ ಮಾತ್ರ. ಆದರೆ ಕೆಲಸವೆಲ್ಲ ಪೈ ಹೆಗಲಿಗೇರುತ್ತದೆ. ಮೊಬೈಲ್ ಚಾರ್ಜರಿಗೆ ಉದ್ದನೆಯ ತೆಳು ತಂತಿ ಜೋಡಿಸಿ ಪೈ ಓಡಿಸುವವರು ಇಲ್ಲಿ ಎಡವುತ್ತಾರೆ. ಕೆಲಸ ಹೆಚ್ಚಾದೊಡನೆ ವೋಲ್ಟೇಜ್ ಕುಸಿದು ಪೈ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಡಬ್ಬಿ ಕಾದರೂ ಅಷ್ಟೇ. ಎರಡೂ ಸಂದರ್ಭದಲ್ಲಿ ಮೇಲ್ನೋಟಕ್ಕೆ ಕಾಣುವುದು ಜಾಲದ ದೋಷದಂತೆ.

ನಿಜವಾದ ತಲೆನೋವು ಮೂರನೆಯ ಲಕ್ಷಣ: ಎಲ್ಲ ಸರಿಯಿದೆ, ಹರಿವು ಸರಾಗ, ಆದರೆ ಬರೀ ಭೋರ್ಗರೆತ.

ಅತಿಯಾಸೆಯಿಂದಲೂ ಹೀಗಾಗುತ್ತದೆ. ದುರ್ಬಲ ಸಿಗ್ನಲ್ ಕೇಳಲಿ ಎಂದು ಸಿಗ್ನಲ್ ಹಿಗ್ಗಿಸುವ ಗೇನ್ ಅನ್ನು ತುದಿಗೇರಿಸುತ್ತೇವೆ. ಈ ಡಾಂಗಲ್ ಅಲೆಯನ್ನು ಅಳೆಯುವುದು 8 ಬಿಟ್‌ಗಳಲ್ಲಿ, ಅಂದರೆ 256 ಮೆಟ್ಟಿಲುಗಳಲ್ಲಿ. ಊರಿನ ಎಫ್‌ಎಂ ಕೇಂದ್ರಗಳ ಅಬ್ಬರ ಒಳಗಿನ ಟ್ಯೂನರನ್ನೇ ಉಸಿರುಗಟ್ಟಿಸುತ್ತದೆ. ಆಗ ವಿಮಾನದ ಮಾತು ಬರಬೇಕಾದ ಜಾಗದಲ್ಲಿ ಸಿನಿಮಾ ಹಾಡಿನ ಭೂತ ಕಾಣಿಸಿಕೊಳ್ಳುತ್ತದೆ. ಗೇನ್ ಇಳಿಸಿ ನೋಡಿ. ಭೂತಗಳು ಮಾಯವಾಗಿ ನಿಜವಾದ ಸಿಗ್ನಲ್ ಉಳಿದರೆ ರೋಗ ಸಿಕ್ಕಿತು. 88ರಿಂದ 108 ಮೆಗಾಹರ್ಟ್ಸ್ ತಡೆಯುವ ಒಂದು ಸಣ್ಣ ಫಿಲ್ಟರ್ ಅದಕ್ಕೆ ಮದ್ದು. ‘ಕೇಳ್ತಿಲ್ಲ’ ಎಂದು ಆಂಪ್ಲಿಫೈಯರ್ ಜೋಡಿಸುವುದು ತದ್ವಿರುದ್ಧ ಚಿಕಿತ್ಸೆ.

ಕೆಲವೊಮ್ಮೆ ನಾವು ಹುಡುಕುತ್ತಿರುವ ಜಾಗವೇ ತಪ್ಪಿರುತ್ತದೆ. ಅಗ್ಗದ ಡಾಂಗಲ್‌ನಲ್ಲಿ ಆವರ್ತನ ಅಳೆಯಲು ಆಧಾರವಾದ ಹರಳು ಹತ್ತು ಲಕ್ಷಕ್ಕೆ 50ರಷ್ಟು ತಪ್ಪು ತೋರಿಸಿದರೆ 145 ಮೆಗಾಹರ್ಟ್ಸ್‌ನಲ್ಲಿ 7 ಕಿಲೋಹರ್ಟ್ಸ್ ಅಡ್ಡಹೋಗುತ್ತದೆ. ಎಫ್‌ಎಂ ಹಾಡಿಗೆ ಅದು ಲೆಕ್ಕಕ್ಕಿಲ್ಲ; ಮೂರು ಕಿಲೋಹರ್ಟ್ಸ್ ಅಗಲವೂ ಇಲ್ಲದ ಹ್ಯಾಮ್ (ಹವ್ಯಾಸಿ ರೇಡಿಯೊ) ಮಾತಿಗೆ ಅದು ಪಕ್ಕದ ಬೀದಿ. ಮಧ್ಯಮ ತರಂಗದ ಬೆಂಗಳೂರು ಆಕಾಶವಾಣಿಯನ್ನು 612 ಕಿಲೋಹರ್ಟ್ಸ್‌ನಲ್ಲಿ ಹುಡುಕಿ ಸೋಲುವವರು ಡಾಂಗಲ್ ಕೆಳಗೆ 24 ಮೆಗಾಹರ್ಟ್ಸ್‌ಗೇ ನಿಲ್ಲುತ್ತದೆ ಎಂಬುದನ್ನು ಮರೆತಿರುತ್ತಾರೆ. ಅದಕ್ಕೆ ನೇರ ಸ್ಯಾಂಪ್ಲಿಂಗ್ ಅಥವಾ ತರಂಗ ಏರಿಸುವ ಸೌಲಭ್ಯವಿರುವ ಮಾದರಿ ಬೇಕು.

ಇಷ್ಟೆಲ್ಲ ದಾಟಿದ ಮೇಲೂ ಗದ್ದಲ ಉಳಿದರೆ, ವಿಶೇಷವಾಗಿ 30 ಮೆಗಾಹರ್ಟ್ಸ್‌ಗಿಂತ ಕೆಳಗೆ, ಕಾರಣ ರೇಡಿಯೊ ಅಲ್ಲ. ಬ್ರೂಕ್‌ಫೀಲ್ಡ್ ತಾನೇ ಒಂದು ಪ್ರಸಾರ ಕೇಂದ್ರ. ಎಲ್‌ಇಡಿ ದೀಪದ ಡ್ರೈವರ್, ಲ್ಯಾಪ್‌ಟಾಪ್ ಚಾರ್ಜರ್, ಮನೆಮನೆಯ ಇನ್ವರ್ಟರ್, ಲಿಫ್ಟ್ ಮೋಟಾರಿನ ವೇಗ ನಿಯಂತ್ರಕ, ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರ್, ತಾರಸಿಯ ಸೋಲಾರ್ ಇನ್ವರ್ಟರ್: ಇವೆಲ್ಲ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಅಳತೆ ಮಾಡಿ ಕೊಡುವ ಯಂತ್ರಗಳು. ಒಳಗೆ ಫಿಲ್ಟರ್ ಇಲ್ಲದಿದ್ದರೆ ಆ ಕತ್ತರಿಯ ಸದ್ದು ಮನೆಯ ವೈರಿಂಗನ್ನೇ ಅಂಟೆನಾ ಮಾಡಿಕೊಂಡು ಹೊರಬೀಳುತ್ತದೆ. ಬಂದ ತರಂಗಗಳನ್ನು ಪರದೆಯ ಮೇಲೆ ತೋರಿಸುವ ವಾಟರ್‌ಫಾಲ್ ಚಿತ್ರದಲ್ಲಿ ಅದು ಸಮ ಅಂತರದ ಗೆರೆಗಳಾಗಿ ಕಾಣುತ್ತದೆ.

ಜಾಲಕ್ಕೆ ಜೋಡಿಸಿದ ರೇಡಿಯೊದಲ್ಲಿ ಇದಕ್ಕೊಂದು ವ್ಯಂಗ್ಯವೂ ಸೇರಿದೆ. ಗದ್ದಲದಿಂದ ದೂರವಿರಲೆಂದು ತಾರಸಿಗೇರಿಸಿದ ರೇಡಿಯೊಗೆ ನಾವೇ ಲ್ಯಾನ್ ಕೇಬಲ್ ಎಂಬ ಉದ್ದ ತಂತಿಯನ್ನು ಕಟ್ಟಿ, ಅದರಲ್ಲೇ ವಿದ್ಯುತ್ತನ್ನೂ ಕಳಿಸಿ, ಕೆಳಮನೆಯ ಗದ್ದಲವನ್ನೆಲ್ಲ ಮೇಲಕ್ಕೆ ಸಾಗಿಸಿರುತ್ತೇವೆ. ಇದನ್ನು ಗುರುತಿಸುವುದು ಸುಲಭ. ಅಂಟೆನಾ ಕಿತ್ತುಬಿಡಿ. ಗೆರೆಗಳು ಹಾಗೇ ಉಳಿದರೆ ಗದ್ದಲ ಡಬ್ಬಿಯೊಳಗೆ ಕೇಬಲ್‌ಗಳ ಮೂಲಕ ನುಗ್ಗುತ್ತಿದೆ; ಫೆರೈಟ್ ಉಂಗುರಕ್ಕೆ ಕೇಬಲನ್ನು ಹಲವು ಸುತ್ತು ಸುತ್ತಬೇಕು, ಅಡಾಪ್ಟರ್ ಬದಲಿಸಬೇಕು. ಗೆರೆಗಳು ಮಾಯವಾದರೆ ಅವು ಅಂಟೆನಾ ದಾರಿಯಲ್ಲಿ ಬರುತ್ತಿವೆ.

ಆಗ ಪೈಯನ್ನು ಪವರ್‌ಬ್ಯಾಂಕಿಗೆ, ಲ್ಯಾಪ್‌ಟಾಪನ್ನು ಅದರದೇ ಬ್ಯಾಟರಿಗೆ ಹಾಕಿ, ಇನ್ವರ್ಟರನ್ನೂ ಆರಿಸಿ, ಮನೆಯ ಮೇನ್ ಸ್ವಿಚ್ಚನ್ನು ಒಂದು ನಿಮಿಷ ಇಳಿಸಿ ನೋಡಬೇಕು. ಗದ್ದಲ ಕುಸಿದರೆ ಅಪರಾಧಿ ನಿಮ್ಮ ಮನೆಯಲ್ಲೇ ಇದ್ದಾನೆ. ಒಂದೊಂದೇ ಎಂಸಿಬಿ ಏರಿಸುತ್ತ ಹೋದರೆ ಸಿಕ್ಕಿಬೀಳುತ್ತಾನೆ. (ಲಿಫ್ಟಿನ ಸ್ವಿಚ್ಚಿನ ಮೇಲೆ ಈ ಪ್ರಯೋಗ ಬೇಡ. ನಡುವೆ ಸಿಕ್ಕಿಕೊಂಡವರಿಗೆ ವಿಜ್ಞಾನದಲ್ಲಿ ಆಸಕ್ತಿ ಇರುವುದಿಲ್ಲ.) ಹಿಂದೆ ಊರಿಗೆಲ್ಲ ಕರೆಂಟು ಹೋದಾಗ ರೇಡಿಯೊ ಆಕಾಶ ತಿಳಿಯಾಗುತ್ತಿತ್ತು. ಈಗ ಕರೆಂಟು ಹೋದೊಡನೆ ಅಷ್ಟೂ ಇನ್ವರ್ಟರುಗಳು ಏಳುವುದರಿಂದ ಆ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ.

ಈ ಗದ್ದಲ ಹವ್ಯಾಸಿಗಳ ಗೊಣಗಾಟವಷ್ಟೇ ಅಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಕೇಳಲು 1970ರ ದಶಕದಲ್ಲಿ ಗೌರಿಬಿದನೂರಿಗೆ ಹೋದವು. ರಾಮನ್ ಸಂಶೋಧನಾ ಸಂಸ್ಥೆಯ ಸಾರಸ್-3 ರೇಡಿಯೊ ದೂರದರ್ಶಕ ನೀರಿಗೇ ಇಳಿಯಿತು. 2020ರ ಆರಂಭದಲ್ಲಿ ಅದನ್ನು ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೆಪ್ಪದಲ್ಲಿ ತೇಲಿಬಿಟ್ಟರು. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಸಂಕೇತ ಸಿಕ್ಕಿದೆ ಎಂದು ಅಮೆರಿಕದ ವಿಜ್ಞಾನಿಗಳು 2018ರಲ್ಲಿ ಹೇಳಿದ್ದರು. ಅದು ಆಕಾಶದ್ದೊ, ಉಪಕರಣದ್ದೊ ಎಂಬುದೇ ಸಾರಸ್-3ರ ಮುಂದಿದ್ದ ಪ್ರಶ್ನೆ. ಅಂಟೆನಾದ ಕೆಳಗಿನ ಮಣ್ಣಿನ ಪದರಗಳೂ ಅಳತೆಯನ್ನು ಕೆಡಿಸುತ್ತವೆ, ನೀರು ಎಲ್ಲೆಡೆ ಒಂದೇ ಬಗೆಯದು, ತೆಪ್ಪ ಅದಕ್ಕೆ. ಆ ಸಂಕೇತ ಆಕಾಶದ್ದಲ್ಲ ಎಂದು 2022ರ ಫೆಬ್ರುವರಿಯಲ್ಲಿ ಪ್ರಕಟವಾದ ಸಾರಸ್-3ರ ಫಲಿತಾಂಶ ಹೇಳಿತು. ತಾರಸಿಯ ಹವ್ಯಾಸಿ ಕೇಳುವ ಪ್ರಶ್ನೆಯೂ ಅದೇ. ಕಬ್ಬಿಣದ ಸರಳು ತುಂಬಿದ ಕಾಂಕ್ರೀಟಿನ ಮೇಲೆ, ನೀರಿನ ಟ್ಯಾಂಕಿಗೆ ಒರಗಿಸಿ ನಿಲ್ಲಿಸಿದ ಅಂಟೆನಾದ ಮಾತನ್ನು ಎಷ್ಟು ನಂಬಬೇಕು? ಕಂಬವನ್ನು ಎರಡು ಮೀಟರ್ ಎತ್ತರಿಸುವುದು, ಟ್ಯಾಂಕಿನಿಂದ ಸರಿಸುವುದು ಹೊಸ ಆಂಪ್ಲಿಫೈಯರಿಗಿಂತ ಹೆಚ್ಚು ಕೊಡುತ್ತದೆ.

ಕೊನೆಗೆ, ಕೇಳಬೇಕಾದದ್ದು ಅಲ್ಲಿ ಇದೆಯೇ ಎಂಬುದನ್ನೂ ನೋಡಬೇಕು. ಅಮೆರಿಕದ ನೋವಾ-15, 18, 19 ಹವಾಮಾನ ಉಪಗ್ರಹಗಳಿಂದ ಚಿತ್ರ ಇಳಿಸುವುದು ಹವ್ಯಾಸಿಗಳ ಅಕ್ಷರಾಭ್ಯಾಸವಾಗಿತ್ತು. ಮೂರನ್ನೂ 2025ರಲ್ಲಿ ಕೆಲಸದಿಂದ ನಿಲ್ಲಿಸಲಾಯಿತು. ಹಳೆಯ ಪಾಠ ಹಿಡಿದು 137 ಮೆಗಾಹರ್ಟ್ಸ್‌ನಲ್ಲಿ ಈಗ ಅವುಗಳಿಗೆ ಕಾಯುವವರ ರೇಡಿಯೊ ಕೆಟ್ಟಿಲ್ಲ. ಇಸ್ರೊ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್ ಕೂಡ 2014ರಲ್ಲಿ ಮಾತು ನಿಲ್ಲಿಸಿದೆ, ಆದರೂ ಹಳೆಯ ಪಟ್ಟಿಗಳಲ್ಲಿ ಉಳಿದಿದೆ. ಬೆಂಗಳೂರಿನ ಪ್ರಯಾಣಿಕ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದವು. ಪಕ್ಕದ ಎಚ್‌ಎಎಲ್ ನಿಲ್ದಾಣದ ಆಕಾಶದಲ್ಲಿ ದಿನವಿಡೀ ಗದ್ದಲ ನಿರೀಕ್ಷಿಸುವಂತಿಲ್ಲ. ಹಗಲಿನಲ್ಲಿ ದೂರದ ಮಧ್ಯಮ ತರಂಗ ಕೇಂದ್ರಗಳು ಕೇಳದಿರುವುದು ಸಹಜ. ಸೂರ್ಯ ಮುಳುಗಿದ ಮೇಲೆ ಅಯಾನುಮಂಡಲ ಅವನ್ನು ತಂದುಕೊಡುತ್ತದೆ. ಮುಂಗಾರಿಗೆ ಮುನ್ನಿನ ಸಂಜೆಗಳಲ್ಲಿ ಪಟಪಟ ಸದ್ದು ಬಂದರೆ ಅದು ದೂರದ ಮಿಂಚು. ಆಗ ಅಂಟೆನಾ ಬಿಚ್ಚಿಡುವುದೇ ದುರಸ್ತಿ.

ಇಂಥ ರೇಡಿಯೊವನ್ನು ಊರಿಗೆಲ್ಲ ತೆರೆದಿಡುವ ಮುನ್ನ ಕಾನೂನಿನ ಒಂದು ಮಾತು. ಬಾನುಲಿ ಎಲ್ಲರಿಗಾಗಿ, ಪೊಲೀಸ್ ವೈರ್‌ಲೆಸ್ ಅಲ್ಲ. ಬೇರೆಯವರ ಸಂದೇಶವನ್ನು ಅನುಮತಿಯಿಲ್ಲದೆ ಕದ್ದು ಕೇಳುವುದು 2023ರ ದೂರಸಂಪರ್ಕ ಕಾಯ್ದೆಯಡಿ ಶಿಕ್ಷಾರ್ಹ.

ಅಪಾರ್ಟ್‌ಮೆಂಟ್ ಸಂಘಗಳಿಗೂ ಒಂದು ವಿನಂತಿಯಿದೆ. ಪಾರ್ಕಿಂಗಿಗೆ, ಮೆಟ್ಟಿಲುಗಳಿಗೆ ಎಲ್‌ಇಡಿ ದೀಪಗಳನ್ನು ಸಗಟಾಗಿ ಕೊಳ್ಳುವಾಗ ಸಾಮಾನ್ಯವಾಗಿ ಕೇಳುವುದು ದರ ಮತ್ತು ವಾರಂಟಿ. ದೀಪಗಳು ಎಷ್ಟು ರೇಡಿಯೊ ಗದ್ದಲ ಮಾಡಬಹುದು ಎಂಬುದಕ್ಕೆ ಸಿಸ್ಪರ್-15 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಮುಂದಿನ ಸಲ ಕೊಟೇಶನ್ ತರಿಸುವಾಗ ಆ ಪರೀಕ್ಷೆಯ ವರದಿಯನ್ನೂ ಕೇಳಿ.